ಸುಣ್ಣ ಬಿಟ್ಟ ಜಾಗ

ಪ್ರತ್ಯೇಕ ತೆಲಂಗಾಣ ಬೇಕೆಂದು ಬಂದ್ ಇದ್ದ ದಿನ ಜಹೀರಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಕಿವಿಗಷ್ಟೇ ಕೆಲಸ. ಕೊಹೀರಿಗೆ ಹೋಗಬೇಕಿದ್ದ ಅಂಬರೀಶ ಪತ್ರಿಕೆಯನ್ನು ಜಾಹೀರಾತು ಸಮೇತ ಎರಡು ಸಲ ಓದಿ ಮುಗಿಸಿದ್ದ. ಪಕ್ಕದ ಬೆಂಚಿನಲ್ಲಿ ನ್ಯಾಲ್ಕಲ್ ಕಡೆಯ ತಾಯಿ, ಮಗ ಕೂತಿದ್ದರು. ಮಗನಿಗೆ ಆಗಲೇ ಕಿವಿಯ ಮೇಲೆ ಕೂದಲು ನರೆತಿತ್ತು.

“ನೌಕರಿ ಪರೀಕ್ಷಾ ಮುಂದ ಹೋತೇನ್, ಕ್ರಾಂತಿ?”

“ರದ್ದೇ ಆತವ್ವ. ಹೊಸದಾಗಿ ಅರ್ಜಿ ಕರೀತಾರಂತ.”

“ಹಾಕು ಮತ್ತ. ತೆಲಂಗಾಣ ರಾಜ್ಯ ಬಂದ್ರ ನೌಕರಿ ಭಾಳ ಬರ್ತಾವಂತ ಜುಲೂಸಿನಾಗ ನೀನೇ ಒದರಿದ್ದಿ.”

“ಬರ್ತಾವ. ನನಗ ಈ ಜೂನಿಗಿ ವಯಸ್ಸಿನ ಮಿತಿ ಮುಗೀತು.”

“ಖರೇ ನೋಡಿದ್ರ ನಿನಗ ಒಂದ್ ವರ್ಷ ಕಮ್ಮಿ.”

“ಸಾಲಿ ಕಾಗದದಾಗ ಹಂಗಿಲ್ಲಲ್ಲ.”

ತಾಯಿ ಸೆರಗು ಸರಿಮಾಡಿಕೊಂಡಳು.

“ನಾನೇ ಮಾಸ್ತರಗ ಒಂದ್ ವರ್ಷ ಹೆಚ್ಚಿಗಿ ಹೇಳಿದ್ದೆ. ಕೂಲಿಗಿ ಹೋಗಬೇಕಿತ್ತು, ನಿನ್ನ ನೋಡ್ಕೊಳ್ಳೋರು ಯಾರಿದ್ರು? ಲಗೂ ಸಾಲಿಗಿ ಹಾಕಿದ್ರ ಲಗೂ ಸಾಹೇಬ ಆಗ್ತಾನ ಅಂದ್ಕೊಂಡೆ.”

“ಇರ್ಲಿ ಬಿಡವ್ವ.”

“ಹತ್ತು ವರ್ಷದಾಗ ತಹಶೀಲ್ದಾರ ಆಗ್ತೀನಂತ ಗ್ವಾಡಿ ಮ್ಯಾಲ ಬರದಿಯಲ್ಲ, ಭೀಮ ಜಯಂತಿಗಿ ಸುಣ್ಣ ಹಚ್ಚುವಾಗ ಅಷ್ಟ ಜಾಗ ಬಿಟ್ಟೇ ಹಚ್ತೀನಿ. ಒಂದ್ ವರ್ಷನೂ ತಪ್ಪಿಲ್ಲ.”

ಬಂದ್ ಸಡಿಲಾಗಿ ಜೀಪೊಂದು ಬಂದು ನ್ಯಾಲ್ಕಲ್, ನ್ಯಾಲ್ಕಲ್ ಎಂದು ಕೂಗತೊಡಗಿತು. ಮಗ ಎದ್ದು ತಾಯಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡ.

“ಈ ಸಲ ಅದರ ಮ್ಯಾಲೂ ಹಚ್ಚಿಬಿಡವ್ವ.”

“ಅಷ್ಟಕ್ಕ ಸುಣ್ಣ ಎಲ್ಲಿ ಸಾಲ್ತದಪ್ಪ,” ಎನ್ನುತ್ತ ಆಕೆ ಮಗನಿಗಿಂತ ಮುಂದಾಗಿ ಜೀಪಿನ ಕಡೆ ನಡೆದಳು.