ಚಪ್ಪಲಿ ಬಿಟ್ಟು ಮಲಗಿದಳು

ತಾರ್ನಾಕದ ಬಸ್ ಸ್ಟಾಪಿನಲ್ಲಿ, ತೆಲುಗು ಮಾತುಗಳ ನಡುವೆ, ರಾಯಚೂರು ಕಡೆಯ ಕನ್ನಡ ಕಿವಿಗೆ ಬಿತ್ತು. ಕೇಳಬಾರದಿತ್ತು, ಕೇಳಿದೆ. ನನ್ನ ಪಕ್ಕದಲ್ಲಿ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ತೊಡೆಯ ಮೇಲೆ ಆರೇಳು ವರ್ಷದ ಹುಡುಗಿ ನಿದ್ದೆ ಹೋಗಿದ್ದಳು. ಅವಳ ಚಪ್ಪಲಿ ಬೆಂಚಿನ ಕೆಳಗಿದ್ದವು.

“ಆ ಮೇಡಮ್ಮರು ಬರೇ ಗೊಂಬಿ ಕೊಟ್ಟು ಆಡಸ್ತಾರ. ಅದಕ್ಕ ರೊಕ್ಕ ಯಾರು ಕೊಡತಾರ?” ಅತ್ತೆ ಕೇಳಿದಳು.

“ಸರಕಾರ ಕೊಡತೈತ್ರಿ ಅತ್ತಿ. ಮನ್ಯಾಗ ಹೊಡತ ಬಡತ ನೋಡಿದ ಕೂಸು, ಕೌನ್ಸೆಲಿಂಗ್ ಮಾಡಸ್ರಿ ಅಂತ ಕೋರ್ಟಿನಾಗ ಹೇಳ್ಯಾರಲ್ರಿ.”

“ಸುಮ್ನ ದಂಡ ಖರ್ಚು.”

“ನಿನ್ನಿ ರಾತ್ರಿ ಇಕಿ ಚಪ್ಪಲಿ ಬಿಟ್ಟು ಮಲಗಿದ್ಲು. ನೋಡಿದ್ರಿಲ್ಲೊ?”

“ಹೌದು, ದಿನಾ ಹಾಕ್ಕೊಂಡೇ ಮಲಗತಿದ್ಲು.”

“ನಿಮ್ಮ ಮಗ ನನ್ನ ಹೊಡಿಯಾಕ ಬಂದ್ರ ಓಡಾಕ ಕಾಲಾಗ ಚಪ್ಪಲಿ ಇರಬೇಕಂತ. ಆ ಮೇಡಮ್ಮರ ಮುಂದ ಹೇಳ್ಯಾಳ. ನನ್ನ ಮುಂದ ಒಂದಿನಾನೂ ಹೇಳಿರಲಿಲ್ಲ.”

ಅತ್ತೆ ಬೆಂಚಿನ ಕೆಳಗಿನ ಚಪ್ಪಲಿಗಳನ್ನು ನೋಡಿದಳು.

“ಅವನೂ ಸಣ್ಣಾವಿದ್ದಾಗ ಹಂಗ ಮಲಗತಿದ್ದ, ಸುಮಂಗಲಾ. ನಿಮ್ಮ ಮಾವ ಕುಡದು ಬರೂ ದಿನ.”

“ನೀವೇನಂತಿದ್ರಿ?”

“ಹಾಸಿಗಿ ಹೊಲಸಾಕ್ಕೈತಿ ಅಂತ ಬೈತಿದ್ದೆ.”

ಬಸ್ಸು ಬಂತು. ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಅತ್ತೆ ಬಗ್ಗಿ ಆ ಪುಟ್ಟ ಚಪ್ಪಲಿಗಳನ್ನು ಎತ್ತಿಕೊಂಡು ಸೆರಗಿನಿಂದ ಧೂಳು ಒರೆಸಿದಳು.

“ಮುಂದಿನ ವಾರ ನೀ ಕೆಲಸಕ್ಕ ಹೋಗು,” ಬಸ್ಸಿನ ಮೆಟ್ಟಿಲು ಹತ್ತುತ್ತ ಅವಳು ಹೇಳಿದ್ದು ಕೇಳಿಸಿತು. “ಇಕಿನ್ನ ನಾ ಕರಕೊಂಡ ಬರತೀನಿ. ಸರಕಾರಕ್ಕ ಎಷ್ಟರ ಖರ್ಚಾಗಲಿ.”