ಸಾವಿರ ಮೀಟರಿಗೆ ನಾಲ್ಕು ಕಮ್ಮಿ

ಹಲೋ… ಹಲೋ, ಯಾರು ಮಾತಾಡ್ತಿರೋದು? ಲಿಪೊವೆಟ್ಸ್ ಬೆಟ್ಟದ ತಂಗುಮನೆ ತಾನೇ?…

…ಹಾಂ, ಯೆರ್ನೆಯ್ ಅವರಾ? ತಂಗುಮನೆ ನೋಡ್ಕೊಳ್ಳೋರು ನೀವೇನಾ? ನಮಸ್ಕಾರ. ನಾನು ಸ್ಲಾವ್ಕಾ ಅಂತ, ಕೆಳಗೆ ಪೇಟೆಯಿಂದ. ತೊಂದರೆ ಕೊಡ್ತಿಲ್ಲ ತಾನೇ? ಒಲೆ ಮೇಲೆ ಏನಾದ್ರೂ ಇಟ್ಟಿದ್ರೆ ಹೇಳಿ, ಆಮೇಲೆ ಮಾಡ್ತೀನಿ…

…ಇಲ್ಲ, ರೂಮು ಬೇಡ. ಒಂದು ವಿಷಯ ವಿಚಾರಿಸೋದಿತ್ತು. …ಅಲ್ಲ, 'ಹೇಳು ಹೇಳು' ಅಂತಿದೀರಲ್ಲ, ನಮ್ಮಿಬ್ಬರಿಗೆ ಮೊದಲೇ ಪರಿಚಯ ಇದ್ಯಾ?… ಇಲ್ವಲ್ಲ. ಮತ್ತೆ?…

…ಬೆಟ್ಟದ ಪದ್ಧತಿ. ಗೊತ್ತು, ಗೊತ್ತು, ಸ್ಲೊವೇನಿಯಾದಲ್ಲಿ ಹುಟ್ಟಿ ಅದು ಗೊತ್ತಿಲ್ದೇ ಇರುತ್ತಾ? ಸಾವಿರ ಮೀಟರ್ ದಾಟಿದ ಮೇಲೆ ಎಲ್ಲರೂ ಎಲ್ಲರಿಗೂ 'ನೀನು'. ಮಂತ್ರಿ ಆಗ್ಲಿ, ಮೇಸ್ತ್ರಿ ಆಗ್ಲಿ. ಮರೆತು 'ನೀವು' ಅಂದ್ರೆ ಇಡೀ ಮೇಜಿಗೆ ಬ್ರಾಂದಿ ಕೊಡಿಸ್ಬೇಕು. ಅದರ ಬಗ್ಗೆನೇ ಫೋನು ಮಾಡಿದ್ದು. ನಿಮ್ಮ ತಂಗುಮನೆ ಸಾವಿರಕ್ಕಿಂತ ಕಮ್ಮಿ ಅಲ್ವಾ? ನಕಾಶೆಯಲ್ಲಿ ಒಂಬೈನೂರ ತೊಂಬತ್ತಾರು ಅಂತಿದೆ. ಹೌದು ತಾನೇ?…

…ನಾಲ್ಕು ಮೀಟರ್ ಏನು ಮಹಾ, ಸಾವಿರ ಅಂತ್ಲೇ ಲೆಕ್ಕನಾ? ಅಯ್ಯೋ, ಹಾಗನ್ಬೇಡಿ! ದಯವಿಟ್ಟು ಲೆಕ್ಕ ದುಂಡಗೆ ಮಾಡ್ಬೇಡಿ. ಆ ನಾಲ್ಕು ಮೀಟರ್ ಮೇಲೆ ನನ್ನ ಮಗಳ ಮದುವೆ ನಿಂತಿದೆ…

…ತಮಾಷೆ ಅಲ್ಲ. ಕೇಳಿ. ನನ್ನ ಮಗಳು ಶ್ಪೆಲಾ. ಅವಳು ಮದುವೆ ಆಗ್ತಿರೋ ಹುಡುಗ ರೋಕ್. ಒಳ್ಳೇ ಹುಡುಗ, ಹೇಳದೇನೇ ಪಾತ್ರೆ ತೊಳೀತಾನೆ. ಅವನ ತಾಯಿ, ಅಂದ್ರೆ ನನ್ನ ಬೀಗಿತ್ತಿ ಆಗೋರು, ಓಟಿಲಿಯಾ ಕೊಬಾಲ್… ಹಾಂ, ಅವರೇ, ಕೋರ್ಟಲ್ಲಿ ಜಡ್ಜ್ ಆಗಿದ್ರಲ್ಲ, ಅವರೇ. ಈಗ ರಿಟೈರ್ ಆಗಿದಾರೆ. ಇನ್ನು ನಾನು ಯಾರು ಅಂದ್ರೆ, ಅದೇ ಕೋರ್ಟಲ್ಲಿ ಅವರ ಬಲಗಡೆ ಕೂತು ಟೈಪ್ ಮಾಡ್ತಿದ್ದೋಳು. ಇಡೀ ಸರ್ವಿಸು. ಅವರು ಹೇಳೋದು, ನಾನು ಹೊಡೆಯೋದು. ಅವರದು ದೊಡ್ಡ ಓದು. ನಾನು ಸಂಜೆ ಶಾಲೆಯಲ್ಲಿ ಟೈಪಿಂಗ್ ಕಲಿತೋಳು…

…ಈಗ ಅವರೇ ಹೇಳಿ ಕಳ್ಸಿದಾರೆ. ಮದುವೆಗೆ ಮುಂಚೆ ಎರಡೂ ಮನೆಯವರು ಸೇರಿ ಶನಿವಾರ ಒಂದು ಬೆಟ್ಟ ಹತ್ತೋಣ, ಯಾವ ಬೆಟ್ಟ ಅನ್ನೋದು ಸ್ಲಾವ್ಕಾ ಅವರಿಗೇ ಬಿಟ್ಟಿದ್ದು ಅಂತ. ಬಿಟ್ಟಿದ್ದಂತೆ! ನೇಣು ಹಾಕ್ತೀವಿ, ಹಗ್ಗ ನೀನೇ ಆರಿಸ್ಕೋ ಅಂದ ಹಾಗೆ…

…ಸಾವಿರ ದಾಟಿದ್ರೆ ಅವರಿಗೂ 'ನೀನು' ಅಂದ್ಬಿಡು ಅಂತೀರಾ? ನಾಲಿಗೆ ಹೊರಳ್ಬೇಕಲ್ಲ! ಪ್ರಯತ್ನ ಮಾಡಿಲ್ಲ ಅಂದ್ಕೊಂಡ್ರಾ? ನಮ್ಮ ಬಾಗಿಲ ಹತ್ರ ಕೋಟು ನೇತು ಹಾಕೋ ಕಂಬ ಇದೆ. ಅದಕ್ಕೊಂದು ಟೋಪಿ ಹಾಕಿ, ಎದುರಿಗೆ ನಿಂತು ಅಭ್ಯಾಸ ಮಾಡಿದೆ. ಬಾಯಿಂದ ಏನು ಬಂತು ಗೊತ್ತಾ? 'ನೀನು ಸ್ವಲ್ಪ ದಯಮಾಡಿಸ್ತೀರಾ' ಅಂತ ಬಂತು. ಕಂಬಕ್ಕೆ! ಈಗ ಟೋಪಿ ತೆಗೆದ ಮೇಲೂ ಆ ಕಂಬಕ್ಕೆ 'ನೀವು' ಅಂತಿದೀನಿ…

…ಅವರಿಗೆ ಬೇಜಾರಾಗಲ್ಲ ಅಂತ ನೀವು ಹೇಗೆ ಹೇಳ್ತೀರಿ? ಒಂದ್ಸಲ ಒಬ್ಬ ಜೇನು ಸಾಕೋನು ಸಾಕ್ಷಿ ಹೇಳೋಕೆ ಬಂದ. ಬಂದವನೇ ಜಡ್ಜಮ್ಮನವರಿಗೆ 'ನಿನಗೆ ಗೊತ್ತಿಲ್ಲ ಬಿಡಮ್ಮ' ಅಂದ. ಯಾಕೆ ಹೀಗೆ ಮಾತಾಡ್ತೀರಿ ಅಂದ್ರೆ, ನನ್ನ ಜೇನುಪೆಟ್ಟಿಗೆ ಇರೋದು ಸಾವಿರದ ಇನ್ನೂರು ಮೀಟರ್ ಮೇಲೆ, ಜಗಳ ಆಗಿದ್ದೂ ಅಲ್ಲೇ, ಹಾಗಾಗಿ ಮಾತೂ ಅಲ್ಲೀದೇ ಅಂದ. ಅವರು ಕನ್ನಡಕ ತೆಗೆದಿಟ್ಟು ಹೇಳಿದ್ರು, 'ಬೆಟ್ಟದ ಪದ್ಧತಿ ಬೆಟ್ಟದಲ್ಲಿ. ಈ ಕುರ್ಚಿ ಸಮುದ್ರಮಟ್ಟದಿಂದ ಇನ್ನೂರ ನಲವತ್ತು ಮೀಟರ್ ಎತ್ತರದಲ್ಲಿದೆ. ದಂಡ ಕಟ್ಟಿ.' ಅದನ್ನ ಟೈಪ್ ಮಾಡಿದೋಳು ನಾನೇ…

…ಹಾಗಾದ್ರೆ 'ನೀವು' ಅಂತ್ಲೇ ಅಂದು ಬ್ರಾಂದಿ ಕೊಡಿಸ್ಬಿಡೋದಾ? ಅದೂ ಆಗಲ್ಲ. ಸಾವಿರದ ಮೇಲೆ ನಿಂತು 'ನೀವು' ಅಂದ್ರೆ, ಇವಳಿಗೆ ನಮ್ಮ ಸಂಬಂಧ ಬೇಕಾಗಿಲ್ಲ, ದೂರ ಇಟ್ಟಳು ಅಂತಾಗುತ್ತೆ. ಮಗಳು ಏನಂತಾಳೆ ಗೊತ್ತಾ? 'ಅಮ್ಮಾ, ನೀವಿಬ್ಬರೂ ಹೀಗೇ ಇದ್ರೆ ಮದುವೆ ಊಟದ ಮೇಜು ಕಟಕಟೆ ಥರ ಕಾಣುತ್ತೆ. ಮುಂದೆ ನಂಗೊಂದು ಮಗು ಆದ್ರೆ ಅದನ್ನ ಎತ್ಕೊಳ್ಳೋಕೂ ನೀನು ಅವರಿಗೆ ಅರ್ಜಿ ಹಾಕ್ತೀಯ' ಅಂತ. ಹೇಳಿ ಅತ್ತಳು ಬೇರೆ…

…ಬಾಯಿ ತುಂಬಾ ತಿಂಡಿ ತುಂಬ್ಕೊಂಡು ಹತ್ತೋದಾ? ಒಳ್ಳೇ ಉಪಾಯ, ಇಳಿಯೋವಾಗ ಏನು ಮಾಡ್ಲಿ?… ಹಾಂ, ಅದನ್ನೂ ಯೋಚಿಸಿದೆ, ಯಾರನ್ನೂ ಉದ್ದೇಶಿಸದೇ ಮಾತಾಡೋದು. 'ಊಟ ಆಯ್ತಾ?' 'ಚಳಿ ಜಾಸ್ತಿನಾ?' 'ಸಾರಿಗೆ ಉಪ್ಪು ಬೇಕಾಗಿರ್ಬಹುದೇನೋ?' ಹೀಗೇ ಸಂಜೆ ತನಕ ಹೇಗೆ ತಳ್ಳೋದು? ಕಾಲು ಜಾರಿ ಬೀಳ್ತಿದ್ರೆ 'ಬೀಳೋದು ಬೇಡವೇನೋ' ಅನ್ಲಾ?…

…ಬೇರೆ ಬೆಟ್ಟನಾ? ಎಲ್ಲಾ ನೋಡಿದೆ. ಅಡುಗೆಮನೆ ಮೇಜಿನ ತುಂಬಾ ನಕಾಶೆ, ತಟ್ಟೆ ಇಡೋಕೆ ಜಾಗ ಇಲ್ಲ. ಟ್ರಿಗ್ಲಾವ್ ಬಿಡಿ, ಅದು ಆಕಾಶ. ಕುಮ್ ಬೆಟ್ಟ ಸಾವಿರದ ಇನ್ನೂರು. ಲುಬ್ನಿಕ್ ಎಷ್ಟು ಚೆನ್ನಾಗಿದೆ, ಕಾಡು ದಾರಿ, ಮೇಲೆ ಹೋದ್ರೆ ಬಿಸಿ ಊಟ, ಆದ್ರೆ ಸಾವಿರದ ಇಪ್ಪತ್ತೈದು! ಆ ಇಪ್ಪತ್ತೈದು ಮೀಟರ್ ಜಾಸ್ತಿ ಇಡು ಅಂತ ದೇವರನ್ನ ಯಾರು ಕೇಳಿದ್ರು?…

…ಶ್ಮಾರ್ನಾ ಗೋರಾನಾ? ತೀರಾ ತಗ್ಗಾಯ್ತು. ಅಜ್ಜಿಯಂದಿರು ಕಾಫಿಗೆ ಮುಂಚೆ ಹತ್ತಿ ಇಳೀತಾರೆ. ಬೀಗರನ್ನ ಅಲ್ಲಿಗೆ ಕರ್ಕೊಂಡು ಹೋದ್ರೆ ಬಸ್ ಸ್ಟ್ಯಾಂಡ್ ತೋರ್ಸಿ ಕಳ್ಸಿದ ಹಾಗೆ. ಬೆಟ್ಟನೇ ಬೇಡ, ಗುಹೆ ನೋಡೋಕೆ ಹೋಗೋಣ ಅಂದೆ. 'ಬೀಗಿತ್ತೀನ ನೆಲದೊಳಗೆ ಇಳಿಸ್ತೀಯೇನಮ್ಮಾ' ಅಂದ್ಲು ಮಗಳು. ಹಾಗಾಗಿ ನಿಮ್ಮ ಬೆಟ್ಟ. ನೋಡೋಕೆ ಬೆಟ್ಟದ ಹಾಗೇ ಇದೆ, ಸಾವಿರ ಮಾತ್ರ ಮುಟ್ಟಲ್ಲ. ನನಗೋಸ್ಕರ ಅಳೆದು ಇಟ್ಟ ಹಾಗಿದೆ…

…ಈಗ ಹೇಳಿ. ಅವರು ಭಾಳ ಎತ್ತರ. ನಿಮ್ಮ ಹೊಸ್ತಿಲ ಮೇಲೆ ನಿಂತ್ರೆ ಅವರ ಬಾಯಿ ಎಷ್ಟು ಮೀಟರಿಗೆ ಬರುತ್ತೆ?… ಒಂಬೈನೂರ ತೊಂಬತ್ತೇಳು ಮುಕ್ಕಾಲು. ಸರಿ, ಇನ್ನೂ ಜಾಗ ಇದೆ. ದಾರೀಲಿ ಎಲ್ಲಾದ್ರೂ ಸಾವಿರ ದಾಟುತ್ತಾ?… ಇಲ್ಲ… ಒಳ್ಳೇದಾಯ್ತು… ಏನು? ಯಾವ ಬಂಡೆ?… ತಂಗುಮನೆ ಹಿಂದೆ… ಎಲ್ಲರೂ ಫೋಟೋ ತೆಗೆಸ್ಕೊಳ್ಳೋ ಬಂಡೆ… ಸಾವಿರದ ಆರು?! ನಕಾಶೆಯಲ್ಲಿ ಅಂಥದ್ದೇನೂ ಇಲ್ವಲ್ಲ!…

…ಯೆರ್ನೆಯ್ ಅವರೇ, ಶನಿವಾರ ಒಂದಿನ ಆ ಬಂಡೆಗೆ ಬೇಲಿ ಹಾಕೋಕಾಗುತ್ತಾ?… ಬೇಲಿ ಬೇಡ, ಒಂದು ಹಸು ಕಟ್ಟಿದ್ರೂ ಸಾಕು. ಹಾಯೋ ಹಸು ಆಗಿರ್ಲಿ… ಹಾಯಲ್ವಾ? ಹಾಯದಿದ್ರೂ ಪರವಾಗಿಲ್ಲ, 'ಹಾಯುತ್ತೆ' ಅಂತ ಬೋರ್ಡ್ ಹಾಕಿ…

…ಇವತ್ತು ಎಲ್ಲರಿಗೂ ಆ ಬಂಡೆಯದ್ದೇ ಚಿಂತೆ ಅಂದ್ರೆ? ಇನ್ಯಾರು ಕೇಳಿದ್ರು?… ಬೆಳಿಗ್ಗೆ ಟ್ಯಾಕ್ಸೀಲಿ ಬಂದ ಹೆಂಗಸಾ… ಕೋಲು ಊರ್ಕೊಂಡು… ಬಂಡೆ ಹತ್ತೋಕೆ ಹೋಗಿ ಮಂಡಿ ಹಿಡ್ಕೊಂಡು ವಾಪಸ್ ಬಂದ್ರಾ, ಪಾಪ… ಏನು ಮಾಡಿದ್ರು? ನಿಮ್ಮ ಊಟದ ಬೋರ್ಡಲ್ಲಿ ಅಕ್ಷರ ತಪ್ಪಿದೆ ಅಂತ ಪೆನ್ನು ತೆಗೆದು ತಿದ್ದಿದ್ರಾ?… ಕೆಂಪು ಪೆನ್ನಾ?…

…ತಡೀರಿ. ಕೂತ್ಕೊಂಡೆ. …ಬೂದು ಕೋಟಾ? ಟೀಗೆ ಸಕ್ಕರೆ ಬೇಡ ಅಂದು, ಆಮೇಲೆ ನೀವು ಆಚೆ ತಿರುಗಿದಾಗ ಎರಡು ಚಮಚ ಹಾಕ್ಕೊಂಡ್ರಾ?… ಅವರೇ. ಅವರೇ ಜಡ್ಜಮ್ಮನವರು. ಬೆಟ್ಟದ ಹೆಸರು ಮಗಳಿಗೆ ಮಾತ್ರ ಹೇಳಿದ್ದೆ. ಅವಳು ರೋಕ್‌ಗೆ ಹೇಳಿದಾಳೆ, ರೋಕ್ ಅಮ್ಮನಿಗೆ ಹೇಳಿದಾನೆ. ಸಿಕ್ಕಿಬಿದ್ದೆ ನಾನು! ನಾಲ್ಕು ಮೀಟರ್ ಕಮ್ಮಿ ಯಾಕೆ ಅಂತ ಸ್ಥಳ ಮಹಜರು ಮಾಡೋಕೆ ಬಂದಿದಾರೆ. ಅವರು ಯಾವಾಗ್ಲೂ ಹಾಗೇ. ಬೇಲಿ ಜಗಳ ಆದ್ರೂ ತಾವೇ ಹೋಗಿ ನೋಡೋರು…

…ಈಗೆಲ್ಲಿದಾರೆ?… ಅಟ್ಟದ ಮೇಲಾ? ಅಲ್ಲೇನಿದೆ, ಮಲಗೋ ಮಂಚಗಳು ತಾನೇ?… ದಾರ ಇಳಿಬಿಟ್ಟು ಅಳೆದ್ರಾ?… ನಿಮ್ಮ ಹೊಸ್ತಿಲಿಂದ ಅಟ್ಟದ ಹಲಗೆಗೆ ನಾಲ್ಕು ಮೀಟರ್, ಮೇಲೊಂದು ಗೇಣು. ಅಂದ್ರೆ ಸಾವಿರ ದಾಟ್ತು. ಹಾಂ… ಶನಿವಾರ ಊಟದ ಮೇಜು ಅಲ್ಲೇ ಹಾಕಿ ಅಂದ್ರಾ? ಮಂಚಗಳ ಮಧ್ಯೆನಾ?… ಎಲ್ಲರಿಗೂ ಅಲ್ಲ, ಇಬ್ಬರಿಗೆ ಮಾತ್ರ. …ಇಬ್ಬರಿಗಾ?…

…ತಾಳಿ, ತಾಳಿ. ಇನ್ನೊಂದ್ಸಲ ನಿಧಾನಕ್ಕೆ ಹೇಳಿ. ನೀವು ಸಾರು ಕೊಡೋಕೆ ಏಣಿ ಹತ್ತಿದ್ರಿ… ಅವರು ಮಂಚದ ಕಾಲಿನ ಎದುರು ನಿಂತು ಅದಕ್ಕೇನೋ ಹೇಳ್ತಿದ್ರು. ಏನಂತ?… 'ಸ್ಲಾವ್ಕಾ, ನೀನು ಇನ್ನೊಂಚೂರು ಹಾಕ್ಕೋ.'…

…ನನ್ನ ಹೆಸರು ಹಿಡಿದಾ? ಮಂಚದ ಕಾಲಿಗಾ? …ತಿರುತಿರುಗಿ ಅದನ್ನೇ ಹೇಳ್ತಿದ್ರಾ? ಪ್ರತಿ ಸಲ ಕೊನೇಲಿ ತಪ್ಪಿ 'ಹಾಕ್ಕೊಳ್ಳಿ' ಅಂತ ಬರ್ತಿತ್ತಾ?… ಯಾರಿಗೆ ಬೈದ್ರು, ಮಂಚಕ್ಕಾ?… ತಮಗೇ…

…ಅಲ್ಲ, ನೋಡಿ, ಅವರ ಯಜಮಾನರು ತೀರಿಕೊಂಡ ಮೇಲೆ ಮಗನನ್ನ ಬಿಟ್ರೆ ಅವರಿಗೆ 'ನೀನು' ಅನ್ನೋರು ಯಾರಿದಾರೆ? ಊರೆಲ್ಲ ಜಡ್ಜಮ್ಮ, ಜಡ್ಜಮ್ಮ. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೆ, ನಂಗೆ ಇದು ಹೊಳೀಲೇ ಇಲ್ಲ…

…ಬೇಡ! ಫೋನ್ ಅವರಿಗೆ ಕೊಡ್ಬೇಡಿ! ನಾನಿನ್ನೂ ತಯಾರಾಗಿಲ್ಲ. ಏಣಿ ಹತ್ತಬೇಡಿ ಯೆರ್ನೆಯ್ ಅವರೇ, ಕಿರ್ ಕಿರ್ ಅನ್ನೋದು ನಂಗೆ ಕೇಳಿಸ್ತಿದೆ, ನಿಮ್ಮ ದಮ್ಮಯ್ಯ…

…ನಮಸ್ಕಾರ ಅಮ್ಮಾ. ಹೌದು, ನಾನೇ, ಸ್ಲಾವ್ಕಾ. …ಚೆನ್ನಾಗಿದೀನಿ. ತಾವು?…

…ಇಲ್ಲ ಅಮ್ಮಾ, ತಗ್ಗಿದೆ ಅಂತ ಆರಿಸಿದ್ದಲ್ಲ… ಅಂದ್ರೆ, ಅದಕ್ಕೇ ಆರಿಸಿದ್ದು. ತಮ್ಮೆದುರು ಎಂದೂ ಸುಳ್ಳು ಹೇಳಿಲ್ಲ, ಈಗ ಯಾಕೆ ಹೇಳ್ಲಿ…

…ಮನೇಲೇ ಇದೀನಿ, ಅಡುಗೆಮನೇಲಿ. …ಎತ್ತರನಾ? ಊರಿನ ಇನ್ನೂರ ನಲವತ್ತು, ಅದರ ಮೇಲೆ ಮೂರನೇ ಮಹಡಿ. …ಹೌದು, ತಾವು ಸಾವಿರದ ಮೇಲೆ, ನಾನು ಕೆಳಗೆ. ಹಾಗಾದ್ರೆ ತಾವು ನನಗೆ 'ನೀನು' ಅನ್ಬಹುದು, ನಾನು ಅನ್ನೋ ಹಾಗಿಲ್ಲ, ಅಲ್ವಾ?… ಅದು ನ್ಯಾಯ ಅಲ್ವಾ?… ನಿಜ, ಒಂದೇ ಕಡೆಯವರನ್ನ ವಿಚಾರಿಸಿ ತೀರ್ಪು ಕೊಟ್ಟ ಹಾಗಾಗುತ್ತೆ…

…ತಾವು ಹೇಳೋದು, ನಾನು ತಿರುಗಿ ಓದೋದಾ? ಕೋರ್ಟಲ್ಲಿ ಮಾಡ್ತಿದ್ದ ಹಾಗೆ. ಆಗ್ಬಹುದು. ಓದೋದು ಸುಲಭ, ಮಾತು ನನ್ನದಲ್ಲವಲ್ಲ. ಹೇಳಿ… 'ತಿಲ್ಕಾ'… ತಿಲ್ಕಾ ಯಾರು ಅಮ್ಮಾ?… ತಾವಾ? ಮನೇಲಿ ಹಾಗೆ ಕರೀತಿದ್ರಾ?… ಗೊತ್ತಿರ್ಲಿಲ್ಲ. ಚೆನ್ನಾಗಿದೆ. ಓದ್ತೀನಿ. 'ತಿಲ್ಕಾ, ಮದುವೆ ದಿನ ನೀನು ನನ್ನ ಪಕ್ಕ ಕೂತ್ಕೊಳ್ಳ… ಬೇಕಾಗಿ ವಿನಂತಿ.' …ಕ್ಷಮಿಸಿ. ಬೆರಳು ಮೇಜಿನ ಮೇಲೆ ಸರಿಯಾಗೇ ಹೊಡೀತು, ಬಾಯಿ ತಪ್ತು. ಇನ್ನೊಂದ್ಸಲ. 'ತಿಲ್ಕಾ, ಮದುವೆ ದಿನ ನೀನು ನನ್ನ ಪಕ್ಕ… ದಯಮಾಡಿಸಿ.' …ಆಗ್ತಿಲ್ಲ ಅಮ್ಮಾ. ನನ್ನಿಂದ ಆಗಲ್ಲ. ಮಗಳಿಗೆ ಏನು ಹೇಳ್ಲಿ?…

…ಹಲೋ? ಕಡಿದು ಕಡಿದು ಬರ್ತಿದೆ. …ಹಾಂ, ಈಗ ಕೇಳಿಸ್ತಿದೆ, ಗಾಳಿ ಶಬ್ದನೂ ಕೇಳಿಸ್ತಿದೆ. ಏನು ಮಾಡಿದ್ರಿ?… ಸಿಗ್ನಲ್ ಸಿಗ್ಲಿ ಅಂತ… ಅಟ್ಟದ ಕಿಟಕಿಯಿಂದ ಆಚೆ ಬಗ್ಗಿದೀರಾ? ಎಷ್ಟು ಬಗ್ಗಿದೀರಿ?… ಸೊಂಟದ ತನಕ?… ಕಾಲು ಎಲ್ಲಿದೆ ಅಮ್ಮಾ? …ಒಂದು ಮಂಚದ ಮೇಲೆ. ಇನ್ನೊಂದು?… ಇನ್ನೊಂದು ಎಲ್ಲೂ ಇಲ್ವಾ?…

…ಏ! ಇಳಿ! ಇಳಿ ಅಲ್ಲಿಂದ! ಬುದ್ಧಿ ಇದ್ಯಾ ನಿನಗೆ? ಮಂಡಿ ಕೆಟ್ಟಿದೆ, ಕಿಟಕೀಲಿ ನೇತಾಡ್ತಾಳಂತೆ, ಈ ವಯಸ್ಸಲ್ಲಿ! ಆ ಯೆರ್ನೆಯ್ ಎಲ್ಲಿ ಸತ್ತ? ನಿನ್ನ ಕೋಟು ಗಟ್ಟಿಯಾಗಿ ಹಿಡ್ಕೊಳ್ಳೋಕೆ ಹೇಳು ಅವನಿಗೆ! ನೀನು ಬಿದ್ರೆ ಮದುವೇಲಿ ನನ್ನ ಪಕ್ಕ ಯಾರು ಕೂರ್ತಾರೆ, ನಿನ್ನ ತೀರ್ಪುಗಳಾ?…

…ಏನು ನಗು ಅದು? ನಾನಿಲ್ಲಿ ಎದೆ ಹಿಡ್ಕೊಂಡು ನಿಂತಿದ್ರೆ ನಗ್ತಾಳೆ! ಏನಂದೆ ನಾನು?… ಏನಂದೆ?…

…ಅಯ್ಯೋ…

…ಅದೆಲ್ಲ ಆಮೇಲೆ. ಮೊದ್ಲು ಒಳಗೆ ಬಾ, ಏಣಿ ಇಳಿದು ಅಂಗಳಕ್ಕೆ ಬಾ. …ಬರಲ್ವಾ? ಯಾಕೆ?… ಇಳಿದ್ರೆ ಸಾವಿರಕ್ಕೆ ಕಮ್ಮಿ ಆಗುತ್ತೆ… ಮತ್ತೆ 'ನೀವು' ಆಗ್ಬಿಡ್ತೀಯಾ?…

…ಇಳಿದ್ರೂ ನೀನೇ ಕಣೇ! ಇಳಿ ಮೊದ್ಲು!…

…ಹಲೋ?… ತಿಲ್ಕಾ?… ಇಳಿದ್ಯಾ?… ಕಿರ್ ಕಿರ್ ಅಂತಿದೆ, ಏಣೀನೇ ತಾನೇ?… ಇಳಿದ್ಯೇನೇ?…