ಏನೂ ನುಡಿಸದ ಕಚೇರಿ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ಹಿಂದಿನ ಸಂಜೆ ಅಕ್ಕನ ಮಗಳ ಪಿಯಾನೋ ಕಚೇರಿ ಇತ್ತಂತೆ.

“ಹೇಗಾಯ್ತಕ್ಕಾ?”

“ಚೆನ್ನಾಗಾಯ್ತು. ಪಿಯಾನೋ ಮುಂದೆ ಕೈ ಕಟ್ಕೊಂಡು ಕೂತ್ಳು. ಆಮೇಲೆ ಎದ್ದು ಕೈ ಮುಗಿದ್ಳು.”

“ನುಡಿಸೋದು ಮರೆತುಹೋಯ್ತಾ?”

“ಇಲ್ಲ ಕಣೇ, ಅದೇ ಸಂಗೀತವಂತೆ. ಆ ಹೊತ್ತಲ್ಲಿ ಸುತ್ತಮುತ್ತ ಏನೇನು ಕೇಳಿಸುತ್ತೋ ಅದನ್ನೇ ಕೇಳ್ಬೇಕಂತೆ.”

“ನಿನಗೇನು ಕೇಳಿಸ್ತು?”

“ಫ್ಯಾನು ಕಿರುಗುಟ್ತಿತ್ತು. ಪಕ್ಕದವರ ಹೊಟ್ಟೆ ಗುರ್ ಅಂತು. ಮೊದಲು ನಗು ತಡೆಯೋಕಾಗ್ಲಿಲ್ಲ. ಆಮೇಲೆ ಯಾಕೋ ಹಿತ ಅನ್ನಿಸ್ತು.”

“ಭಾವ ಬಂದಿರ್ಲಿಲ್ಲ ತಾನೆ?”

“ಅವಳು ಹಾಡೋದು ಬಿಟ್ಟು ಈ ಹುಚ್ಚು ಹಿಡಿಸ್ಕೊಂಡ ಮೇಲೆ ಅಪ್ಪ ಮಗಳಿಗೆ ಮಾತೇ ಇಲ್ವಲ್ಲ. ಸುತಾರಾಂ ಬರಲ್ಲ ಅಂದಿದ್ರು. ನೋಡಿದ್ರೆ ಕದ್ದು ಬಂದು ಕೊನೇ ಸಾಲಲ್ಲಿ ಕೂತಿದ್ರು.”

“ನೀನು ನೋಡಿದ್ಯಾ?”

“ನಾನೆಲ್ಲಿ ನೋಡ್ಲಿ? ನಡುವೆ ಒಂದ್ಸಲ ಕೆಮ್ಮಿದ್ರು. ವೇದಿಕೆ ಮೇಲಿದ್ದ ಇವಳ ಮುಖ ಅರಳಿಹೋಯ್ತು. ಮುಗಿದ ಕೂಡ್ಲೇ ಓಡಿಹೋಗಿ, ‘ಅಪ್ಪಾ, ನಿಮ್ಮ ಕೆಮ್ಮಿಂದಲೇ ಕಚೇರಿ ಕಳೆಗಟ್ತು’ ಅಂದ್ಳು.”

“ಭಾವ ಏನಂದ್ರು?”

“‘ಶ್ರುತಿ ಸರಿಯಿತ್ತಾ’ ಅಂತ ಕೇಳಿದ್ರು. ಮನೆ ತಲುಪೋವರೆಗೂ ಇಬ್ಬರದೂ ಮಾತೇ ಮಾತು. ನನಗೆ ಬಾಯಿ ಹಾಕೋಕೂ ಜಾಗ ಇರ್ಲಿಲ್ಲ.”

“ಮುಂದಿನ ಕಚೇರಿಗೂ ಹೋಗ್ತಾರಂತಾ?”

“ಹೋಗದೆ ಇರ್ತಾರಾ? ಬೆಳಿಗ್ಗೆ ಕೆಮ್ಮಿನ ಔಷಧಿ ಕೊಟ್ರೆ, ‘ಈಗಲೇ ಬೇಡ, ಅದೊಂದು ಮುಗೀಲಿ’ ಅಂದ್ರು.”

ಅವರ ಸ್ಟಾಪು ಬಂತು. ಅಕ್ಕ ಮುಂದೆ, ತಂಗಿ ನಗುತ್ತ ಹಿಂದೆ, ಇಬ್ಬರೂ ಇಳಿದುಹೋದರು.